ಅಂಗವಿಕಲ ಮಾಸಾಶನ ಅರ್ಜಿ ತಿರಸ್ಕಾರ ಆಗಿದೆ, ಕಾರ್ಡಿನಲ್ಲಿ ಶೇ 36 ಅಂತ ಇದೆ. ಮೇಲ್ಮನವಿ ಯಾರಿಗೆ ಹಾಕಬೇಕು?

ಮಗ್ಗದ ಮನೆ:

ನಮಸ್ಕಾರ ರೀ ಎಲ್ಲರಿಗೂ. ನಮ್ಮದು ರಬಕವಿ-ಬನಹಟ್ಟಿ ಕಡೆ. ತಮ್ಮನ ವಿಷಯ ಕೇಳಬೇಕಿತ್ತು, ಸ್ವಲ್ಪ ಉದ್ದ ಆಗುತ್ತದೆ.

ಅವನು ಪವರ್‌ಲೂಮ್‌ನಲ್ಲಿ ಕೂಲಿ ಮಾಡುತ್ತಿದ್ದ. ಕಬ್ಬಿನ ಸೀಸನ್‌ನಲ್ಲಿ ರಾತ್ರಿ ಪಾಳಿ ಮುಗಿಸಿ ಬೈಕ್ ಮೇಲೆ ಬರುವಾಗ ರಸ್ತೆ ಬದಿ ಒಂದು ಕಬ್ಬಿನ ಟ್ರೇಲರ್ ನಿಂತಿತ್ತು. ಹಿಂದೆ ಲೈಟೂ ಇಲ್ಲ, ರೇಡಿಯಮ್ಮೂ ಇಲ್ಲ. ಅದಕ್ಕೆ ಹೋಗಿ ಹೊಡೆದ. ಎಡಗಾಲಿನ ಮೊಣಕಾಲು ಪುಡಿ ಆಯಿತು, ಪ್ಲೇಟ್ ಹಾಕಿದರು, ಆಮೇಲೆ ಕೀವಾಗಿ ಮತ್ತೆ ಕೊಯ್ದರು. ಈಗ ಕಾಲು ಪೂರ್ತಿ ಮಡಚುವುದಿಲ್ಲ, ನೆಲದ ಮೇಲೆ ಕೂರಲು ಆಗುವುದಿಲ್ಲ. ನಡೆಯುವಾಗ ಮೊಣಕಾಲು ಒಮ್ಮೊಮ್ಮೆ ಕೈ ಕೊಡುತ್ತದೆ. ಕಾಲು ಸ್ವಲ್ಪ ಗಿಡ್ಡ ಕೂಡ ಆಗಿದೆ, ಮೋಚಿ ಹತ್ತಿರ ಎಡ ಚಪ್ಪಲಿಗೆ ಎರಡು ಪದರು ಹಚ್ಚಿಸಿಕೊಂಡಿದ್ದಾನೆ. ದಿನಪೂರ್ತಿ ನಿಂತು ಮಗ್ಗ ನೋಡುವ ಕೆಲಸ ಇನ್ನು ಮುಗಿಯಿತು. ಕಿವಿಯೂ ಅಷ್ಟಕ್ಕಷ್ಟೇ, ಆದರೆ ಅದು ಮಗ್ಗದವರಿಗೆಲ್ಲ ಇರುವುದೇ ಬಿಡಿ.

ಯುಡಿಐಡಿ, ಅಂದರೆ ವಿಕಲಚೇತನರ ಗುರುತಿನ ಕಾರ್ಡಿಗೆ ಆನ್‌ಲೈನ್ ಅರ್ಜಿ ಹಾಕಿದೆವು. ಆಸ್ಪತ್ರೆಗೆ ಕರೆದರು, ಡಾಕ್ಟರ್ ಕಾಲು ಒಂದೆರಡು ಸಲ ಮಡಚಿಸಿ ನೋಡಿ ಬರೆದುಕೊಂಡರು. ಐದು ನಿಮಿಷವೂ ಆಗಲಿಲ್ಲ. ಕೊನೆಗೆ ಶೇ 36 ಅಂತ ಬಿಳಿ ಬಣ್ಣದ ಕಾರ್ಡ್ ಬಂತು. ಅದನ್ನೇ ಹಚ್ಚಿ ಮಾಸಾಶನಕ್ಕೆ ಹಾಕಿದರೆ ಮೊಬೈಲಿಗೆ ತಿರಸ್ಕೃತ ಅಂತ ಮೆಸೇಜ್ ಬಂತು, ಕಾರಣ ಏನೂ ಇಲ್ಲ. ಆಪರೇಷನ್ ಮಾಡಿದ ಖಾಸಗಿ ಡಾಕ್ಟರು ಕೋರ್ಟಿನ ವಿಮೆ ಕೇಸಿಗೆ ಶೇ 50 ಅಂತ ಬರೆದುಕೊಟ್ಟಿದ್ದಾರೆ, ಅದನ್ನು ತೋರಿಸಿದರೆ ಇದು ನಡೆಯಲ್ಲ ಅಂದರು. ಒಂದೇ ಕಾಲು, ಒಬ್ಬರಿಗೆ 36 ಇನ್ನೊಬ್ಬರಿಗೆ 50 ಹೇಗೆ?

ಇದರ ನಡುವೆ ಅರ್ಜಿ ತುಂಬುವ ಅಂಗಡಿಯ ಹತ್ತಿರ ಒಬ್ಬ ಏಜೆಂಟ್ ಗಂಟು ಬಿದ್ದಿದ್ದಾನೆ. ಐದು ಸಾವಿರ ಕೊಡಿ, 45 ಮಾಡಿಸಿಕೊಡುತ್ತೇನೆ ಅಂತಾನೆ. ಅವ್ವ ಕೊಟ್ಟುಬಿಡು ಅಂತ ಹಟ ಹಿಡಿದಿದ್ದಾಳೆ. ನನಗೆ ಮನಸ್ಸಿಲ್ಲ. ಮೇಲ್ಮನವಿ ಅಂತ ಒಂದು ಇರುತ್ತದಲ್ಲ, ಅದನ್ನು ಯಾರಿಗೆ ಹಾಕಬೇಕು, ತಹಸೀಲ್ದಾರರಿಗೋ ಡಾಕ್ಟರಿಗೋ? ಗೊತ್ತಿದ್ದವರು ಹೇಳಿ.

ಇಂಡಿ ಲಿಂಬೆ:

ಅಣ್ಣಾ, ಮೇಲ್ಮನವಿ ಗೀಲ್ಮನವಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಾಕಾನ ಅರ್ಜಿಯೂ ಹೀಗೇ ಹೊಳ್ಳಿ ಬಂದಿತ್ತು. ಹೊಸ ಆದಾಯ ಪ್ರಮಾಣಪತ್ರ ತೆಗೆಸಿ ಹೊಸದಾಗಿ ಅರ್ಜಿ ಹಾಕಿದೆವು, ತಲಾಠಿಯವರು ಮನೆಗೆ ಬಂದು ನೋಡಿ ವರದಿ ಕೊಟ್ಟರು, ಆಯಿತು. ಮೇಲ್ಮನವಿ ಅಂದರೆ ಫೈಲು ಮೇಲಿನ ಆಫೀಸಿಗೆ ಹೋಗಿ ಕೂರುತ್ತದೆ, ನೀವು ಅದರ ಹಿಂದೆ ಓಡಾಡಬೇಕು. ಸುಮ್ನೆ ಮತ್ತೊಮ್ಮೆ ಹಾಕಿ.

ಊರುಗೋಲು:

ನಾನು ಬೆಳಗಾವಿ ಜಿಲ್ಲೆಯ ಒಂದು ತಾಲೂಕಿನಲ್ಲಿ ಎಂ.ಆರ್.ಡಬ್ಲ್ಯೂ. ಅಂದರೆ ತಾಲೂಕು ಪಂಚಾಯಿತಿಯಲ್ಲಿ ಕೂರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ. ನನಗೂ ಒಂದು ಕಾಲಿಲ್ಲ, ಈ ಬೋರ್ಡು ಪರ್ಸೆಂಟೇಜು ಎಲ್ಲ ಮೈಮೇಲೇ ಅನುಭವಿಸಿ ಬಂದವನು.

ಇಂಡಿ ಲಿಂಬೆ ಅವರೇ, ನಿಮ್ಮ ಕಾಕಾನಿಗೆ ತೊಂದರೆ ಇದ್ದದ್ದು ಆದಾಯದ್ದು. ಇವರಿಗೆ ಇರುವುದು ಶೇಕಡಾವಾರಿನದು. ಮಾಸಾಶನಕ್ಕೆ ಕನಿಷ್ಠ ಶೇ 40 ಬೇಕು. ಕಾರ್ಡಿನಲ್ಲಿ 36 ಇರುವ ತನಕ ಹೊಸ ಅರ್ಜಿ ಹಾಕಿದರೂ ಅದು ಹೊಳ್ಳಿಯೇ ಬರುತ್ತದೆ, ತಹಸೀಲ್ದಾರರಿಗೆ ಮೇಲ್ಮನವಿ ಹಾಕಿದರೂ ಅಷ್ಟೇ. ಕಂದಾಯ ಇಲಾಖೆಯವರಿಗೆ ಕಾಲು ಅಳೆಯುವ ಅಧಿಕಾರವೇ ಇಲ್ಲ, ಕಾರ್ಡಿನಲ್ಲಿ ಇರುವುದನ್ನು ನೋಡುತ್ತಾರೆ ಅಷ್ಟೇ. ಜನ ಇಲ್ಲೇ ಎಡವುತ್ತಾರೆ. ನಾಡಕಚೇರಿ ಮುಂದೆ ನಿಂತು ಜಗಳ ಮಾಡುತ್ತಾರೆ, ಆದರೆ ಬದಲಾಗಬೇಕಾದ ಅಂಕಿ ಇರುವುದು ಆಸ್ಪತ್ರೆಯಲ್ಲಿ.

ಹಾಗಾಗಿ ಮೊದಲು ಆಸ್ಪತ್ರೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಕಲಂ 58 ಪ್ರಮಾಣಪತ್ರ ಕೊಡುವುದರ ಬಗ್ಗೆ, ಕಲಂ 59 ಅದರ ಮೇಲಿನ ಮೇಲ್ಮನವಿ ಬಗ್ಗೆ. ಡಾಕ್ಟರು ಕೊಟ್ಟ ಅಂಕಿ ಒಪ್ಪಿಗೆ ಇಲ್ಲದಿದ್ದರೆ ಮೇಲಿನ ಪ್ರಾಧಿಕಾರಕ್ಕೆ ಹೋಗುವುದು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ. ಅರ್ಜಿಯನ್ನು ಜಿಲ್ಲಾ ಆಸ್ಪತ್ರೆಯ ಜಿಲ್ಲಾ ಶಸ್ತ್ರಚಿಕಿತ್ಸಕರ ಹೆಸರಿಗೆ ಬರೆಯಿರಿ, ಒಂದು ಪ್ರತಿ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ. ಇದಕ್ಕೂ ಗಡುವು ಇರುತ್ತದೆ, ತಡ ಮಾಡಬೇಡಿ, ಕಾರ್ಡ್ ಬಂದ ತಾರೀಖು ಹಳತಾಗುವ ಮೊದಲೇ ಕೊಟ್ಟುಬಿಡಿ.

ಈಗ ಮುಖ್ಯ ಮಾತು. ಸುಮ್ಮನೆ "ನನಗೆ ಜಾಸ್ತಿ ಕೊಡಿ" ಅಂತ ಬರೆದರೆ ಏನೂ ಆಗುವುದಿಲ್ಲ. ಏನನ್ನು ಅಳೆದಿಲ್ಲ ಅಂತ ಬರೆಯಬೇಕು. ಕಾಲಿನ ಅಂಗವೈಕಲ್ಯ ಅಳೆಯುವುದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ, 2018ರಲ್ಲಿ ಬಂದದ್ದು, 2024ರಲ್ಲಿ ಪರಿಷ್ಕರಿಸಿದ್ದಾರೆ. ಅದರಲ್ಲಿ ಕಾಲಿಗೆ ಎರಡು ಭಾಗ. ಒಂದು ಚಲನೆ, ಅಂದರೆ ಕೀಲು ಎಷ್ಟು ಮಡಚುತ್ತದೆ, ಸ್ನಾಯುವಿಗೆ ಎಷ್ಟು ಬಲ ಇದೆ. ಇನ್ನೊಂದು ಸ್ಥಿರತೆ. ನಿಲ್ಲುವುದು, ಸಮ ನೆಲದಲ್ಲಿ ನಡೆಯುವುದು, ಇಳಿಜಾರು, ಮೆಟ್ಟಿಲು ಹತ್ತುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಆ ಕಾಲಿನ ಮೇಲೆ ಒಂಟಿಯಾಗಿ ನಿಲ್ಲುವುದು, ಇವನ್ನೆಲ್ಲ ಒಂದೊಂದಾಗಿ ಮಾಡಿಸಿ ನೋಡಬೇಕು. ನಿಮ್ಮ ತಮ್ಮನನ್ನು ಮೆಟ್ಟಿಲು ಹತ್ತಿಸಿದರಾ? ನೀವು ಬರೆದದ್ದು ನೋಡಿದರೆ ಮಂಚದ ಮೇಲೆ ಮಲಗಿಸಿ ಮಡಚಿ ನೋಡಿದ್ದಾರೆ ಅಷ್ಟೇ. ಹಾಗಿದ್ದರೆ ಆ 36 ಬರೀ ಚಲನೆಯದು ಇರಬಹುದು.

ಎರಡನ್ನೂ ಕೂಡಿಸುವುದಕ್ಕೂ ಒಂದು ಸೂತ್ರ ಇದೆ, ನೇರ ಕೂಡಿಸುವುದಿಲ್ಲ. ದೊಡ್ಡ ಅಂಕಿ ಮೊದಲು. 90ರಲ್ಲಿ ಆ ದೊಡ್ಡ ಅಂಕಿ ಕಳೆಯಿರಿ, ಬಂದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ, ಅದನ್ನು ದೊಡ್ಡದಕ್ಕೆ ಸೇರಿಸಿ. ಚಲನೆ 36 ಇದ್ದು ಸ್ಥಿರತೆಯಲ್ಲಿ 15 ಬಂತು ಅಂತ ಇಟ್ಟುಕೊಳ್ಳಿ. 90ರಲ್ಲಿ 36 ಹೋದರೆ 54. 54ಕ್ಕೆ 15 ಗುಣಿಸಿದರೆ 810, ಭಾಗಿಸಿದರೆ 9. ಒಟ್ಟು 45. ಲೆಕ್ಕ ತಿಳಿಯಲಿ ಅಂತ ಹೇಳಿದೆ, ಅವನಿಗೆ ಇಷ್ಟೇ ಬರುತ್ತದೆ ಅಂತ ಅಲ್ಲ.

ಆಮೇಲೆ ಆ ಚಪ್ಪಲಿ! ನೀವು ಅದನ್ನು ಸುಮ್ಮನೆ ಒಂದು ಮಾತಿಗೆ ಬರೆದಿದ್ದೀರಿ, ನನಗೆ ಅದೇ ಮುಖ್ಯ ಕಂಡಿತು. ಕಾಲು ಗಿಡ್ಡ ಆಗಿದ್ದರೆ ಅದಕ್ಕೆ ಬೇರೆ ಅಂಕ ಇದೆ. ಮೊದಲ ಅರ್ಧ ಇಂಚಿಗೆ ಏನೂ ಇಲ್ಲ, ಅದರ ಮೇಲೆ ಪ್ರತಿ ಅರ್ಧ ಇಂಚಿಗೆ ಶೇ 4. ಟೇಪು ಹಿಡಿದು ಎರಡೂ ಕಾಲು ಅಳೆದರಾ ಇಲ್ಲವಾ ಅಂತ ತಮ್ಮನನ್ನು ಕೇಳಿ. ಅಳೆದಿಲ್ಲ ಅಂದರೆ ಅದನ್ನೂ ಅರ್ಜಿಯಲ್ಲಿ ಬರೆಯಿರಿ. ಮರುಪರೀಕ್ಷೆಗೆ ಹೋಗುವಾಗ ಅದೇ ಚಪ್ಪಲಿ ಹಾಕಿಕೊಂಡು ಹೋಗಲಿ. ಹಬ್ಬಕ್ಕೆ ತಂದ ಹೊಸ ಚಪ್ಪಲಿ ಬೇಡ.

ಕಿವಿ "ಮಗ್ಗದವರಿಗೆಲ್ಲ ಇರುವುದೇ" ಅಂತ ಬಿಡಬೇಡಿ ರೀ. ಜಿಲ್ಲಾ ಆಸ್ಪತ್ರೆಯಲ್ಲಿ ಆಡಿಯೋಮೆಟ್ರಿ, ಅಂದರೆ ಕಿವಿ ಎಷ್ಟು ಕೇಳುತ್ತದೆ ಅನ್ನುವ ಪರೀಕ್ಷೆ ಮಾಡಿಸಿ. ಎರಡೂ ಕಿವಿಯಲ್ಲಿ 60 ಡೆಸಿಬಲ್ ಅಥವಾ ಅದಕ್ಕಿಂತ ಜಾಸ್ತಿ ನಷ್ಟ ಇದ್ದರೆ ಕಾಯ್ದೆ ಪ್ರಕಾರ ಅದೂ ಅಂಗವೈಕಲ್ಯವೇ, ಕಾಲಿನ ಜೊತೆ ಅದನ್ನೂ ಸೂತ್ರದಲ್ಲಿ ಸೇರಿಸುತ್ತಾರೆ. ಅಷ್ಟು ಇಲ್ಲದಿದ್ದರೆ ಸೇರುವುದಿಲ್ಲ. ಆದರೆ ಪರೀಕ್ಷೆ ಮಾಡಿಸದೆ ಹೇಗೆ ಗೊತ್ತಾಗಬೇಕು?

ಏಜೆಂಟಿಗೆ ಒಂದು ಪೈಸೆ ಕೊಡಬೇಡಿ. ಸುಳ್ಳು ದಾಖಲೆ ಮೇಲೆ ಸೌಲಭ್ಯ ತೆಗೆದುಕೊಂಡರೆ ಅದೇ ಕಾಯ್ದೆಯ ಕಲಂ 91ರಲ್ಲಿ ಎರಡು ವರ್ಷದ ತನಕ ಜೈಲು, ಒಂದು ಲಕ್ಷದ ತನಕ ದಂಡ ಇದೆ. ಸಿಕ್ಕಿಬೀಳುವವನು ಏಜೆಂಟ್ ಅಲ್ಲ, ಕಾರ್ಡಿನ ಮೇಲೆ ಫೋಟೋ ಇರುವವನು. ಅವ್ವನಿಗೆ ಇದನ್ನು ಓದಿ ಹೇಳಿ.

ನಿವೃತ್ತ ಗುಮಾಸ್ತ:

ಮೇಲಿನವರು ಆಸ್ಪತ್ರೆ ಕಡೆಯದ್ದು ಬರೋಬ್ಬರಿ ಹೇಳಿದ್ದಾರೆ. ನಾನು ಕಂದಾಯ ಇಲಾಖೆಯಲ್ಲಿ ಇದ್ದವನು, ಆ ಕಡೆಯದ್ದು ಹೇಳುತ್ತೇನೆ.

ತಮ್ಮಾ, ಅರ್ಜಿ 36 ಇದ್ದದ್ದಕ್ಕೇ ತಿರಸ್ಕಾರ ಆಯಿತು ಅಂತ ನೀನು ಅಂದಾಜು ಮಾಡಿದ್ದೀಯ. ಮೆಸೇಜಿನಲ್ಲಿ ಕಾರಣ ಇಲ್ಲ ಅಂತ ನೀನೇ ಬರೆದಿದ್ದೀಯ. ಹಾಗಾದರೆ ಮೊದಲು ನಾಡಕಚೇರಿಗೆ ಹೋಗಿ ಹಿಂಬರಹ ತೆಗೆದುಕೋ. ಅರ್ಜಿ ಯಾಕೆ ತಿರಸ್ಕರಿಸಿದ್ದೇವೆ ಅಂತ ಸಹಿ ಹಾಕಿ ಕೊಡುವ ಕಾಗದ ಅದು. ಬಾಯಿಮಾತಿನಲ್ಲಿ ಏನೋ ಹೇಳಿ ಕಳಿಸಿದರೆ ಒಪ್ಪಬೇಡ. ಎರಡು ಕಾರಣ ಇದ್ದರೂ ಇರಬಹುದು. ನೀನು ವರ್ಷಗಟ್ಟಲೆ ಓಡಾಡಿ 45 ಮಾಡಿಸಿಕೊಂಡು ಬಂದ ಮೇಲೆ, ಆದಾಯ ಜಾಸ್ತಿ ಇದೆ ಅಂತ ಮತ್ತೆ ತಿರಸ್ಕಾರ ಆದರೆ ಏನು ಮಾಡುತ್ತೀಯ?

ಈ ಮಾಸಾಶನಕ್ಕೆ ಕುಟುಂಬದ ವಾರ್ಷಿಕ ಆದಾಯ 32,000 ರೂಪಾಯಿ ದಾಟಬಾರದು. ರೇಷನ್ ಕಾರ್ಡ್ ಒಂದರಲ್ಲೇ ನೀನು, ಅವನು, ಅವ್ವ ಎಲ್ಲ ಇದ್ದೀರಾ? ನಿನ್ನ ಸಂಬಳವೂ ಲೆಕ್ಕಕ್ಕೆ ಬಂದಿದೆಯಾ? ಅದನ್ನು ನೋಡು. ಅವನ ಸಂಸಾರ ಖರೆಯಾಗಿ ಬೇರೆ ಇದ್ದರೆ ಆದಾಯ ಪ್ರಮಾಣಪತ್ರ ಅವನದೇ ಬೇರೆ ತೆಗೆಸು. ಬೇರೆ ಇಲ್ಲದೆ ಬೇರೆ ಅಂತ ತೋರಿಸಬೇಡ, ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದಾಗ ಒಲೆ ಎಷ್ಟಿವೆ ಅಂತ ನೋಡಿಯೇ ವರದಿ ಬರೆಯುತ್ತಾರೆ. (ಈಗ ಹೆಸರು ಗ್ರಾಮ ಆಡಳಿತಾಧಿಕಾರಿ, ಊರಲ್ಲಿ ಇನ್ನೂ ತಲಾಠಿಯೇ.)

ಕಂದಾಯದ ಕಡೆ ತಿರಸ್ಕಾರಕ್ಕೆ ಮೇಲ್ಮನವಿ ದಾರಿ ಸಕಾಲ, ಅಂದರೆ ಸರ್ಕಾರಿ ಸೇವೆಯನ್ನು ಗೊತ್ತಾದ ಅವಧಿಯಲ್ಲಿ ಕೊಡಬೇಕು ಅನ್ನುವ ರಾಜ್ಯದ ಕಾಯ್ದೆ. ಅರ್ಜಿ ಹಾಕಿದಾಗ ಕೊಟ್ಟ ರಸೀದಿಯಲ್ಲಿ 15 ಅಂಕಿಯ ಜಿ.ಎಸ್.ಸಿ. ನಂಬರ್ ಇರುತ್ತದೆ, ಅದನ್ನು ಕಳೆಯಬೇಡ. ತಿರಸ್ಕಾರದ ದಿನದಿಂದ 30 ದಿನದ ಒಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ. ಸಹಿ ಹಾಕಿದವರಿಗಿಂತ ಒಂದು ಮೆಟ್ಟಿಲು ಮೇಲಿನವರು ಅಂತ ತಿಳಿದುಕೋ. ಉಪತಹಸೀಲ್ದಾರ್ ಸಹಿ ಇದ್ದರೆ ತಹಸೀಲ್ದಾರ್, ತಹಸೀಲ್ದಾರ್ ಸಹಿ ಇದ್ದರೆ ಎ.ಸಿ. ಸಾಹೇಬರು, ಅಂದರೆ ಉಪವಿಭಾಗಾಧಿಕಾರಿ. ನಿಮ್ಮ ತಾಲೂಕಿಗೆ ಎ.ಸಿ. ಆಫೀಸ್ ಜಮಖಂಡಿಯಲ್ಲಿ. ಅಲ್ಲೂ ಆಗದಿದ್ದರೆ ಎರಡನೇ ಮೇಲ್ಮನವಿ ಇದೆ. ತಿರಸ್ಕಾರವೂ ಮಾಡದೆ ಮಂಜೂರೂ ಮಾಡದೆ ಅವಧಿ ಮೀರಿ ಇಟ್ಟುಕೊಂಡರೆ ದಿನಕ್ಕೆ 20 ರೂಪಾಯಿ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ದುಡ್ಡು ದೊಡ್ಡದಲ್ಲ. ಆದರೆ ಅದು ಅಧಿಕಾರಿಯ ಕಿಸೆಯಿಂದ ಹೋಗುತ್ತದೆ ನೋಡು, ಫೈಲು ಲಗೂನ ಸರಿಯುತ್ತದೆ.

ಆದರೆ ಕಾರಣ ಬರೀ ಶೇಕಡಾವಾರು ಅಂತ ಹಿಂಬರಹದಲ್ಲಿ ಬಂದರೆ ಎ.ಸಿ. ಆಫೀಸಿಗೆ ಹೋಗಿ ಪ್ರಯೋಜನ ಇಲ್ಲ, ಮೇಲಿನವರು ಹೇಳಿದ ಹಾಗೆ ಆಸ್ಪತ್ರೆ ದಾರಿ ಹಿಡಿ. ಹೊಸ ಅಂಕಿ ಬಂದ ಮೇಲೆ ಹೊಸ ಅರ್ಜಿಯೇ ಹಾಕು, ಆಗ ಇಂಡಿಯವರ ಮಾತು ಸರಿ.

ಮಗ್ಗದ ಮನೆ:

ಎಲ್ಲರಿಗೂ ಧನ್ಯವಾದ ರೀ. ತಮ್ಮನನ್ನು ಕೂರಿಸಿಕೊಂಡು ಕೇಳಿದೆ. ಮೆಟ್ಟಿಲು ಹತ್ತಿಸಿಲ್ಲ, ಕೂರಲು ಹೇಳಿಲ್ಲ, ಟೇಪು ಹಿಡಿದೇ ಇಲ್ಲವಂತೆ. ರೇಷನ್ ಕಾರ್ಡ್ ಬೇರೆ ಇದೆ, ಅವನ ಹೆಂಡತಿ ಮಕ್ಕಳು ಬೇರೆ ಮನೆಯಲ್ಲಿದ್ದಾರೆ, ಅವ್ವ ನನ್ನ ಜೊತೆ. ಹಾಗಾಗಿ ಆದಾಯದ ತೊಂದರೆ ಇರಲಿಕ್ಕಿಲ್ಲ, ಆದರೂ ಹಿಂಬರಹ ತೆಗೆಸುತ್ತೇನೆ.

ಒಂದು ಪ್ರಶ್ನೆ. ಅಳೆದಿಲ್ಲ ಅಂತ ನಾವು ಬರೆದರೆ ಅಳೆದಿದ್ದೇವೆ ಅಂತ ಅವರು ಹೇಳಿದರೆ? ನಮ್ಮ ಹತ್ತಿರ ಏನು ಆಧಾರ ಇದೆ? ಮತ್ತೆ ಕೋರ್ಟಿನ ಆ 50ರ ಕಾಗದ ಹಚ್ಚಬೇಕಾ ಬೇಡವಾ?

ಕೋರ್ಟ್ ಗಲ್ಲಿ, ವಿಜಯಪುರ:

ವಕೀಲಿ ಮಾಡುತ್ತೇನೆ, ಈ ಎರಡಕ್ಕೂ ಹೇಳುತ್ತೇನೆ.

ಆಧಾರಕ್ಕೆ ಮಾಹಿತಿ ಹಕ್ಕು. ಆಸ್ಪತ್ರೆಯ ಮಾಹಿತಿ ಅಧಿಕಾರಿಗೆ ತಮ್ಮನ ಹೆಸರಿನಲ್ಲೇ ಅರ್ಜಿ ಹಾಕಿ, 10 ರೂಪಾಯಿ ಶುಲ್ಕ, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಇಲ್ಲ. "ನನ್ನ ಅಂಗವೈಕಲ್ಯ ಮೌಲ್ಯಮಾಪನದ ಪೂರ್ತಿ ಹಾಳೆಯ ದೃಢೀಕೃತ ಪ್ರತಿ ಕೊಡಿ" ಅಂತ ಒಂದೇ ಸಾಲು ಸಾಕು. ಯಾಕೆ ಕೊಟ್ಟಿರಿ, ಏನು ನ್ಯಾಯ ಅಂತೆಲ್ಲ ಅದರಲ್ಲಿ ಕೇಳಬೇಡಿ, ಅದು ಮಾಹಿತಿ ಅಲ್ಲ ಅಂತ ವಾಪಸ್ ಹಾಕುತ್ತಾರೆ. 30 ದಿನದಲ್ಲಿ ಉತ್ತರ ಬರಬೇಕು. ಹಾಳೆಯಲ್ಲಿ ಸ್ಥಿರತೆಯ ಕಾಲಂ ಖಾಲಿ ಇದ್ದರೆ ನಿಮ್ಮ ಕೆಲಸ ಅರ್ಧ ಆಯಿತು. ತುಂಬಿದ್ದರೆ ಎಷ್ಟು ತುಂಬಿದ್ದಾರೆ ಅಂತಾದರೂ ಗೊತ್ತಾಗುತ್ತದೆ. ಆದರೆ ಆ ಉತ್ತರಕ್ಕೆ ಕಾಯುತ್ತಾ ಮೇಲ್ಮನವಿ ನಿಲ್ಲಿಸಬೇಡಿ, ಎರಡೂ ಒಟ್ಟಿಗೇ ನಡೆಯಲಿ, ಹಾಳೆ ಕೈಗೆ ಬಂದಾಗ ಹೆಚ್ಚುವರಿ ದಾಖಲೆ ಅಂತ ಕೊಡಬಹುದು.

ಆ 50ರ ಕಾಗದ ಹಚ್ಚಬೇಡಿ ಅಂತ ನನ್ನ ಸಲಹೆ. ಅದು ಸುಳ್ಳು ಅಂತಲ್ಲ. ಅಪಘಾತದ ಕೇಸಿನಲ್ಲಿ ಕೋರ್ಟು ನೋಡುವುದು ಈ ಗಾಯದಿಂದ ಇವನ ದುಡಿಮೆ ಎಷ್ಟು ಹೋಯಿತು ಅಂತ. ಮಗ್ಗದ ಮುಂದೆ ನಿಲ್ಲುವವನಿಗೆ ಮೊಣಕಾಲು ಹೋದರೆ ದುಡಿಮೆಯೇ ಹೋಯಿತು, ಕುರ್ಚಿ ಮೇಲೆ ಕೂತು ಲೆಕ್ಕ ಬರೆಯುವವನಿಗೆ ಅದೇ ಕಾಲಿನಿಂದ ಅಷ್ಟು ನಷ್ಟ ಇಲ್ಲ. ಯುಡಿಐಡಿಯವರು ದುಡಿಮೆ ನೋಡುವುದಿಲ್ಲ, ಕಾಲು ನೋಡುತ್ತಾರೆ. ಹಾಗಾಗಿ ಎರಡು ಅಂಕಿ ಬೇರೆ ಬೇರೆ ಬಂದರೆ ಅದರಲ್ಲೇನೂ ಮೋಸ ಇಲ್ಲ. ಅದರ ಬದಲು ಆ ಖಾಸಗಿ ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಆಪರೇಷನ್ ಟಿಪ್ಪಣಿ, ಹಳೆಯ ಮತ್ತು ಹೊಸ ಎಕ್ಸ್‌ರೇ ಹಚ್ಚಿ. ಕೀವಾಗಿ ಎರಡನೇ ಸಲ ಕೊಯ್ದದ್ದು ಕಾಗದದಲ್ಲಿ ಇರಲೇಬೇಕು.

ದುಡ್ಡು ಖರ್ಚು ಮಾಡಿ ವಕೀಲರನ್ನು ಹಿಡಿಯುವ ಕೆಲಸ ಇದಲ್ಲ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ, ವಿಕಲಚೇತನರಿಗೆ ಉಚಿತ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. 36 ಅಂತ ಯಾರಾದರೂ ತಕರಾರು ತೆಗೆದರೆ ಕಡಿಮೆ ಆದಾಯದವರ ಲೆಕ್ಕದಲ್ಲಿ ಕೇಳಿ. ಜಿಲ್ಲೆಯಲ್ಲಿ ಯಾರೂ ಕಿವಿಗೊಡದಿದ್ದರೆ ಬೆಂಗಳೂರಿನಲ್ಲಿ ವಿಕಲಚೇತನರ ರಾಜ್ಯ ಆಯುಕ್ತರು ಇದ್ದಾರೆ, ಅಂಚೆಯಲ್ಲೇ ದೂರು ಕಳಿಸಬಹುದು. ಎಲ್ಲ ಮುಗಿದ ಮೇಲೆ ಹೈಕೋರ್ಟ್, ನಿಮಗೆ ಧಾರವಾಡ ಪೀಠ, ನಮ್ಮ ವಿಜಯಪುರದವರಿಗೆ ಕಲಬುರಗಿ. ಅಲ್ಲಿಯವರೆಗೆ ಹೋಗುವುದು ಬೇಡ ಅಂತಲೇ ಕೆಳಗಿನ ಕಾಗದ ಗಟ್ಟಿ ಮಾಡಿಕೊಳ್ಳಿ ಅನ್ನುವುದು.

ಇಂಡಿ ಲಿಂಬೆ:

ಅಲ್ಲ, ಇಷ್ಟೆಲ್ಲ ಮಾಡಿ ಬರುವುದು ಎಷ್ಟು? ತಿಂಗಳಿಗೆ 800 ತಾನೇ? ಓಡಾಟಕ್ಕೇ ಅಷ್ಟು ಹೋಗುತ್ತದೆ.

ಊರುಗೋಲು:

40ರಿಂದ 75ರ ನಡುವೆ ಇದ್ದರೆ 800, 75 ದಾಟಿದರೆ 1,400. ಕಡಿಮೆ ಅನ್ನುವುದು ಖರೆ, ನಾವೂ ಅದಕ್ಕೇ ಪ್ರತಿ ವರ್ಷ ಮನವಿ ಕೊಡುವುದು. ಆದರೆ 40 ಅನ್ನುವ ಗೆರೆ ಬರೀ ಮಾಸಾಶನಕ್ಕಲ್ಲ. ರಿಯಾಯಿತಿ ಬಸ್ ಪಾಸಿಗೂ ಅದೇ ಬೇಕು. ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ 100 ಕಿಲೋಮೀಟರ್ ತನಕ ಓಡಾಡಬಹುದು. ಸರ್ಕಾರಿ ಕೆಲಸದ ಮೀಸಲಾತಿಗೂ, ಸಾಲ ಸಹಾಯಧನದ ಯೋಜನೆಗಳಿಗೂ ಅದೇ ಗೆರೆ. ಮಗ್ಗ ಬಿಟ್ಟವನು ಊರಲ್ಲಿ ಒಂದು ಚಿಕ್ಕ ಅಂಗಡಿ ಹಾಕಬೇಕು ಅಂದರೂ ಆ ಕಾರ್ಡೇ ಮೊದಲು ಕೇಳುವುದು. 40 ಮುಟ್ಟಿದವರ ಹಳದಿ ಕಾರ್ಡ್ ಬರುವುದಕ್ಕೂ ಅದಕ್ಕಿಂತ ಕಡಿಮೆ ಇರುವವರ ಬಿಳಿ ಕಾರ್ಡ್ ಬರುವುದಕ್ಕೂ ಬಹಳ ವ್ಯತ್ಯಾಸ ಇದೆ.

ಮಗ್ಗದ ಮನೆ:

ಕೊನೆಯದಾಗಿ ಒಂದು ಸಹಾಯ ಮಾಡಿ. ಆ ಅರ್ಜಿ ಹೇಗೆ ಬರೆಯಬೇಕು ಅಂತ ಯಾರಾದರೂ ಒಂದು ಮಾದರಿ ಹಾಕುತ್ತೀರಾ? ನಾನು ಬರೆದರೆ ಬರೀ ಗೋಳು ಆಗುತ್ತದೆ.

ನಿವೃತ್ತ ಗುಮಾಸ್ತ:

ಬರೆದುಕೋ. ಉದ್ದ ಬೇಡ, ಒಂದೇ ಪುಟ ಇರಲಿ. ಓದುವವರಿಗೆ ಪುಟ ತಿರುಗಿಸುವ ತಾಳ್ಮೆ ಇರುವುದಿಲ್ಲ.

"ಮಾನ್ಯ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ. ವಿಷಯ: ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 59ರ ಪ್ರಕಾರ ಮೇಲ್ಮನವಿ ಮತ್ತು ಮರುಮೌಲ್ಯಮಾಪನ ಕೋರಿಕೆ. ನನ್ನ ಯುಡಿಐಡಿ ಸಂಖ್ಯೆ ಇಂತಿದೆ. ಇಂಥ ದಿನಾಂಕದಂದು ನನಗೆ ಶೇ 36 ಅಂಗವೈಕಲ್ಯ ಎಂದು ಪ್ರಮಾಣಪತ್ರ ನೀಡಲಾಗಿದೆ. ಪರೀಕ್ಷೆಯ ಸಮಯದಲ್ಲಿ ನನ್ನ ಎಡ ಮೊಣಕಾಲಿನ ಚಲನೆಯನ್ನು ಮಾತ್ರ ನೋಡಲಾಗಿದೆ. ನಿಲ್ಲುವುದು, ಮೆಟ್ಟಿಲು ಹತ್ತುವುದು, ಕುಕ್ಕರಗಾಲಲ್ಲಿ ಕೂರುವುದು ಮುಂತಾದ ಸ್ಥಿರತೆಯ ಪರೀಕ್ಷೆ ಮಾಡಿಲ್ಲ. ಎರಡು ಕಾಲುಗಳ ಉದ್ದದ ವ್ಯತ್ಯಾಸ ಅಳೆದಿಲ್ಲ. ನನಗೆ ಶ್ರವಣದ ತೊಂದರೆಯೂ ಇದ್ದು ಅದರ ಪರೀಕ್ಷೆ ಆಗಿಲ್ಲ. ಆದ್ದರಿಂದ ವೈದ್ಯಕೀಯ ಮಂಡಳಿಯ ಮುಂದೆ ಮಾರ್ಗಸೂಚಿಯಂತೆ ಮರುಪರೀಕ್ಷೆ ನಡೆಸಿ, ಆದೇಶವನ್ನು ಕಾರಣ ಸಹಿತ ಲಿಖಿತವಾಗಿ ನೀಡಬೇಕೆಂದು ಕೋರುತ್ತೇನೆ."

ಕೆಳಗೆ ಹಚ್ಚಿದ ಕಾಗದಗಳ ಹೆಸರು, ಸಹಿ, ಮೊಬೈಲ್ ನಂಬರ್. ಎರಡು ಪ್ರತಿ ಒಯ್ದು ಒಂದರ ಮೇಲೆ ಆವಕ ವಿಭಾಗದ ಸೀಲು, ತಾರೀಖು ಹಾಕಿಸಿಕೊ. ಸೀಲು ಹಾಕುವುದಿಲ್ಲ ಅಂದರೆ ಅಲ್ಲಿ ವಾದ ಮಾಡುತ್ತ ನಿಲ್ಲಬೇಡ, ನೇರ ಪೋಸ್ಟ್ ಆಫೀಸಿಗೆ ಹೋಗಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸು, ಆ ರಸೀದಿಯೇ ಸೀಲು. ಆಡಿಯೋಮೆಟ್ರಿ ಮೊದಲೇ ಆಗಿದ್ದರೆ ಕಿವಿಯ ಸಾಲನ್ನು ಅದಕ್ಕೆ ತಕ್ಕಂತೆ ತಿದ್ದಿಕೋ.